ಅವರನ್ನು ಈಗ ಯಾರು, ಏನು ಕೇಳುತ್ತಾರೆ?

ಪ್ರಶ್ನೆ: ನಮ್ಮ ಮನೆ ಕುಂಬಳೆ ಹತ್ತಿರ ಹೈವೇ ಬದಿಯಲ್ಲಿತ್ತು. ಷಟ್ಪಥ ರಸ್ತೆಗೆ ಮನೆಯೂ ಹೋಯಿತು, ಅಂಗಳವೂ ಹೋಯಿತು. ಪರಿಹಾರದ ದುಡ್ಡು ಬಂತು. ಕಾಸರಗೋಡು ಪೇಟೆಯಲ್ಲಿ ಫ್ಲ್ಯಾಟ್ ತಗೊಂಡು ಎರಡು ವರ್ಷ ಆಯಿತು. ಮಾವನಿಗೆ 75 ವರ್ಷ, ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದವರು. ಅತ್ತೆ ತೀರಿಕೊಂಡು ಆರು ವರ್ಷ. ಇಲ್ಲಿಗೆ ಬಂದ ಮೇಲೆ ಮಾವನ ಮಾತೇ ಕಮ್ಮಿಯಾಗಿದೆ. ಸಂಜೆ ಟಾರ್ಚು, ಬಟ್ಟೆಯ ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ. ಮಂಗಳೂರು ಕಡೆಯ ಬಸ್ಸುಗಳನ್ನು ನೋಡುತ್ತಾ ಕೂರುತ್ತಾರೆ, ಹತ್ತುವುದಿಲ್ಲ, ಕತ್ತಲಾದ ಮೇಲೆ ವಾಪಸ್ ಬರುತ್ತಾರೆ. ಮೊದಲು ಮಳೆಗಾಲದಲ್ಲಿ ಒಂದು ತಾಳಮದ್ದಳೆಯನ್ನೂ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಬಿಟ್ಟವರಲ್ಲ, ಈಗ ಕರೆದರೂ ಬೇಡ ಅನ್ನುತ್ತಾರೆ. ನಮ್ಮ ಮನೆಮಾತು ತುಳು. ಮಗ ಐದನೇ ಕ್ಲಾಸು, ಇಲ್ಲಿಗೆ ಬಂದ ಕೆಲವೇ ತಿಂಗಳಲ್ಲಿ ಗೆಳೆಯರ ಜೊತೆ ಮಲಯಾಳ ಮಾತಾಡಲು ಕಲಿತ. ಅವನು ಮನೆಯಲ್ಲೂ ಮಲಯಾಳ ಶುರು ಮಾಡಿದರೆ ಮಾವ ಊಟದ ನಡುವೆ ಎದ್ದು ಹೋಗುತ್ತಾರೆ. "ಹೊಂದಿಕೊಳ್ಳಬೇಕು ಅಪ್ಪ, ಬರೇ ಹನ್ನೆರಡು ಕಿಲೋಮೀಟರ್ ಅಲ್ವಾ" ಅಂತ ನಮ್ಮವರು ಹೇಳಿ ಹೇಳಿ ಸೋತರು. ಲಿಫ್ಟ್ ಇದೆ, ನೀರಿದೆ, ಆಸ್ಪತ್ರೆ ಹತ್ತಿರ ಇದೆ. ಏನು ಕಮ್ಮಿ ಅಂತ ಗೊತ್ತಾಗುತ್ತಿಲ್ಲ. ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಆ ಟಾರ್ಚಿನ ಸಾಲನ್ನು ಮೂರು ಸಲ ಓದಿದೆ. ಪೇಟೆ ತುಂಬ ದೀಪ ಇರುವಾಗ ಟಾರ್ಚು ಯಾಕೆ ಅಂತ ನೀವು ಅವರನ್ನು ಕೇಳಿದ ಹಾಗಿಲ್ಲ. ನನಗೆ ಅನಿಸುವುದು ಹೀಗೆ. ಹಳೇ ಮನೆಯಲ್ಲಿದ್ದಾಗ ಸಂಜೆ ಜಂಕ್ಷನ್‌ಗೆ ಹೋಗಿ, ನಾಲ್ಕು ಜನರ ಹತ್ತಿರ ಮಾತಾಡಿ, ಚೀಲದಲ್ಲಿ ಏನಾದರೂ ತಂದು, ಕತ್ತಲಲ್ಲಿ ಟಾರ್ಚು ಹಾಕಿಕೊಂಡು ಮನೆಗೆ ಬರುತ್ತಿದ್ದರು, ಅಲ್ವಾ? ಆ ದಾರಿ ಈಗ ಇಲ್ಲ. ಕೈಗೆ ಮಾತ್ರ ಅಭ್ಯಾಸ ಉಳಿದಿದೆ. ದಿನಾ ಸಂಜೆ ಅವರು ಮನೆಗೆ ಹೋಗಲು ರೆಡಿಯಾಗಿ ಹೊರಡುತ್ತಿದ್ದಾರೆ.

ಹನ್ನೆರಡು ಕಿಲೋಮೀಟರ್ ಅನ್ನುವ ಲೆಕ್ಕ ಮೊದಲು ಬಿಡಿ. ನಿಮ್ಮ ಯಜಮಾನರು ಅದನ್ನು ಸಮಾಧಾನಕ್ಕೆ ಹೇಳುತ್ತಾರೆ, ಗೊತ್ತು. ಆದರೆ ಮಾವನ ಕಿವಿಗೆ ಅದು "ನಿಮ್ಮದೇನು ದೊಡ್ಡ ಕಷ್ಟ ಅಲ್ಲ" ಅಂತಲೇ ಕೇಳಿಸುತ್ತದೆ. ದುಬೈಗೆ ಹೋದವನಿಗೆ ಊರು ನೆನಪಾಗುತ್ತದೆ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಕುಂಬಳೆಯಿಂದ ಕಾಸರಗೋಡಿಗೆ ಬಂದವನ ದುಃಖಕ್ಕೆ ಯಾರೂ ಕಿವಿ ಕೊಡುವುದಿಲ್ಲ. ಹಾಗಾಗಿ ಅವರು ಹೇಳುವುದನ್ನೇ ನಿಲ್ಲಿಸಿದ್ದಾರೆ.

ಇಲ್ಲಿ ನನ್ನ ಅಮ್ಮನ ವಿಷಯ ಹೇಳಬೇಕು. ಬಾಯಾರು ಕಡೆಯ ಹಳ್ಳಿಯಿಂದ ಅವಳನ್ನು ನಾನಿರುವ ಪೇಟೆಗೆ ಕರೆತಂದಾಗ ನಾನು ಈ ಕೆಲಸಕ್ಕೆ ಸೇರಿ ಹತ್ತು ವರ್ಷ ಆಗಿತ್ತು. ದಿನಾ ಹತ್ತು ಜನರ ಮನಸ್ಸಿನ ಕಷ್ಟ ಕೇಳುವವಳು ನಾನು. ಆದರೂ ಅಮ್ಮ ಮಂಕಾದಾಗ ನಿಮ್ಮ ಹಾಗೇ ಕೇಳಿದೆ: "ಇಲ್ಲಿ ಏನು ಕಮ್ಮಿ ನಿನಗೆ?" ಅವಳು ತರಕಾರಿ ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. "ಇಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ" ಅಂದಳು.

ನಾನು ಮೊದಲು ತಪ್ಪು ತಿಳಿದುಕೊಂಡೆ. ನಾವು ಅವಳನ್ನು ವಿಚಾರಿಸಿಕೊಳ್ಳುತ್ತಿಲ್ಲ ಅಂತ ದೂರುತ್ತಿದ್ದಾಳೆ ಅಂದುಕೊಂಡೆ. ಅವಳು ಹೇಳಿದ್ದು ಅದಲ್ಲ. ಊರಲ್ಲಿ ಮಾವಿನ ಮಿಡಿ ಉಪ್ಪಿಗೆ ಹಾಕುವಾಗ ಹೆಂಗಸರು ಅವಳನ್ನು ಕೇಳಿಕೊಂಡು ಬರುತ್ತಿದ್ದರು. ಮಗುವಿಗೆ ಹೊಟ್ಟೆನೋವು ಬಂದರೆ ಯಾವ ಸೊಪ್ಪಿನ ಕಷಾಯ, ಮದುವೆ ಅಡಿಗೆಗೆ ಎಷ್ಟು ಅಕ್ಕಿ, ಇದೆಲ್ಲ ಅವಳನ್ನೇ ಕೇಳುವುದು. ನಮ್ಮ ಮನೆಯಲ್ಲಿ ಅವಳಿಗೆ ಊಟ, ಔಷಧಿ, ಟಿವಿ ಎಲ್ಲ ಇತ್ತು. ಅವಳಿಗೆ ಗೊತ್ತಿದ್ದದ್ದು ಯಾರಿಗೂ ಬೇಕಿರಲಿಲ್ಲ.

ಅಂದಿನಿಂದ ಈ 'ಕೇಳು' ಅನ್ನುವ ಮಾತು ನನ್ನ ಜೊತೆಗಿದೆ. ಪ್ರಶ್ನೆ ಹಾಕುವುದಕ್ಕೂ ಕೇಳು ಅನ್ನುತ್ತೇವೆ, ಕಿವಿ ಕೊಡುವುದಕ್ಕೂ ಕೇಳು ಅನ್ನುತ್ತೇವೆ. ಒಬ್ಬರಿಗೆ ದಿಕ್ಕಿಲ್ಲ ಅನ್ನುವುದಕ್ಕೆ "ಅವರನ್ನು ಕೇಳುವವರಿಲ್ಲ" ಅನ್ನುತ್ತೇವೆ. ಬದಲಾವಣೆಯಲ್ಲಿ ಸಿಕ್ಕಿಬಿದ್ದವರ ಬಗ್ಗೆ ನಾನು ಮೊದಲು ವಿಚಾರಿಸುವುದು ಇದನ್ನೇ: ಇವರನ್ನು ಈಗ ಯಾರು, ಏನು ಕೇಳುತ್ತಾರೆ?

ಹಳೇ ಜಾಗದಲ್ಲಿ ನಿಮ್ಮ ಮಾವ "ಮಾಷ್ಟ್ರು". ಅವರ ಹತ್ತಿರ ಕಲಿತವನ ಮಗನೂ ಅವರಿಂದಲೇ ಕಲಿತಿರುತ್ತಾನೆ. ಸೊಸೈಟಿಯ ಅರ್ಜಿ ಬರೆಸಲು ಬರುವವರು, ಪಂಚಾಯತಿನ ಕಾಗದ ಓದಿಸಲು ಬರುವವರು, ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಅಕ್ಷರ ಸರಿ ಇದೆಯಾ ಅಂತ ತೋರಿಸಲು ಬರುವವರು. ಫ್ಲ್ಯಾಟಿನಲ್ಲಿ ಅವರು ಯಾರು? ಮೂರನೇ ಮಾಳಿಗೆಯ ಅಂಕಲ್. ಗೋಡೆ, ಹೆಂಚು, ಬಾವಿ ಹೋದದ್ದು ನಿಮಗೆಲ್ಲ ಕಂಡಿತು. ಅದರ ಜೊತೆ ಅವರ ಹೆಸರೂ ಹೋಯಿತು, ಅದು ಯಾರಿಗೂ ಕಾಣಲಿಲ್ಲ.

ಇದು ನಿಮ್ಮ ಮಾವನೊಬ್ಬರ ಹಟ ಅಂತ ತಿಳಿಯಬೇಡಿ. ಅಮೆರಿಕದ ಬಾಸ್ಟನ್ ನಗರದಲ್ಲಿ ವೆಸ್ಟ್ ಎಂಡ್ ಅಂತ ಒಂದು ಕೇರಿ ಇತ್ತು. ದುಡಿದು ತಿನ್ನುವ ಜನ, ಇಟಲಿಯಿಂದ ಬಂದವರು ಜಾಸ್ತಿ. ಅದು ಕೊಳೆಗೇರಿ, ಕೆಡವಿ ಹೊಸದು ಕಟ್ಟುತ್ತೇವೆ ಅಂತ 1950ರ ದಶಕದ ಕೊನೆಯಲ್ಲಿ ಸಾವಿರಾರು ಜನರನ್ನು ಎಬ್ಬಿಸಿದರು. ಮಾರ್ಕ್ ಫ್ರೀಡ್ ಎಂಬ ಮನಶ್ಶಾಸ್ತ್ರಜ್ಞ ಆ ಜನರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ, 1963ರಲ್ಲಿ ಅದರ ಬಗ್ಗೆ ಬರೆದ. ತುಂಬಾ ಜನ, ವರ್ಷಗಳು ಕಳೆದ ಮೇಲೂ, ಮನೆಯವರು ಸತ್ತಾಗ ಅಳುವ ಹಾಗೇ ಆ ಕೇರಿಗಾಗಿ ಅಳುತ್ತಿದ್ದರು. ಹಳೇ ಕೇರಿಯನ್ನು ಹೆಚ್ಚು ಹಚ್ಚಿಕೊಂಡಿದ್ದವರಿಗೆ ದುಃಖವೂ ಜಾಸ್ತಿ ಇತ್ತು. ಅವರ ಪಾಲಿಗೆ ಮನೆ ಅಂದರೆ ಗೋಡೆಯ ಒಳಗೆ ಮುಗಿಯುತ್ತಿರಲಿಲ್ಲ. ಮೆಟ್ಟಿಲು, ಅಂಗಡಿ, ಬೀದಿ, ಎದುರುಮನೆಯ ಕಿಟಕಿ ಎಲ್ಲ ಸೇರಿ ಮನೆ. ನಮ್ಮ ಕಡೆಯ ಜಗಲಿ, ಅಂಗಳ, ಗದ್ದೆಯ ಕಟ್ಟಪುಣಿ ದಾಟಿ ಬರುವ ನೆರೆಯವರನ್ನು ನೆನೆಸಿಕೊಂಡರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸತ್ತವರಿಗಾದರೆ ಬೊಜ್ಜ, ಅಂದರೆ ಉತ್ತರಕ್ರಿಯೆ ಇದೆ. ಜನ ಬರುತ್ತಾರೆ, ಕೂರುತ್ತಾರೆ, ಸತ್ತವರ ನಾಲ್ಕು ಕಥೆ ಹೇಳುತ್ತಾರೆ, ಊಟ ಮಾಡಿ ಹೋಗುತ್ತಾರೆ. ಅಷ್ಟರಲ್ಲಿ ಮನೆಯವರ ಎದೆ ಸ್ವಲ್ಪ ಹಗುರಾಗುತ್ತದೆ. ಮನೆಗೆ ಬೊಜ್ಜ ಇಲ್ಲ. ಜೆಸಿಬಿ ಬಂತು, ಒಂದೇ ದಿನದಲ್ಲಿ ಮುಗಿಯಿತು. ಆಮೇಲೆ ಸಿಕ್ಕಿದವರೆಲ್ಲ ಕೇಳಿದ್ದು ಒಂದೇ: "ಸೆಂಟಿಗೆ ಎಷ್ಟು ಕೊಟ್ಟರು?" ಆರು ವರ್ಷದ ಹಿಂದೆ ಅತ್ತೆ ಹೋದರು ಅಂತ ಬರೆದಿದ್ದೀರಿ. ಅವರು ದೀಪ ಇಡುತ್ತಿದ್ದ ಜಾಗ, ಅವರು ಒರಗಿ ಕೂರುತ್ತಿದ್ದ ಕಂಬ ಆ ಮನೆಯಲ್ಲಿತ್ತು. ಆ ಮನೆ ಕೆಡವಿದ ದಿನ ಮಾವನಿಗೆ ಅವರು ಇನ್ನೊಮ್ಮೆ ತೀರಿಕೊಂಡ ಹಾಗೇ ಆಗಿರಬಹುದು.

ಇನ್ನೊಂದು ಮಾತು. ಆ ಊರು ಪೂರ್ತಿ ಹೋಗಲಿಲ್ಲ, ಅಲ್ಲೇ ಇದೆ. ಆದರೆ ಗಡಿಯ ತಲಪಾಡಿಯಿಂದ ಈಚೆಗೆ ಬಸ್ಸಿನಲ್ಲಿ ಬಂದರೆ ನಮ್ಮವರಿಗೇ ಊರು ಗುರುತು ಸಿಗುವುದಿಲ್ಲ. ಆಚೆ ಬದಿಯ ಅಂಗಡಿಗೆ ಹೋಗಬೇಕಾದರೆ ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಿ ಬರಬೇಕು. ಆಸ್ಟ್ರೇಲಿಯಾದಲ್ಲಿ ಕಲ್ಲಿದ್ದಲು ಗಣಿಗಳಿಂದ ಒಂದು ಕಣಿವೆಯ ಚಹರೆಯೇ ಬದಲಾದಾಗ, ಅಲ್ಲಿಯ ಜನ ಸ್ವಂತ ಮನೆಯಲ್ಲಿ ಇದ್ದುಕೊಂಡೇ ಊರು ಬಿಟ್ಟವರ ಹಾಗೆ ಕೊರಗುವುದನ್ನು ಗ್ಲೆನ್ ಆಲ್‌ಬ್ರೆಕ್ಟ್ ಎಂಬ ತತ್ವಶಾಸ್ತ್ರಜ್ಞ ಗಮನಿಸಿ ಅದಕ್ಕೆ 'ಸೊಲಾಸ್ಟಾಲ್ಜಿಯಾ' ಅಂತ ಹೆಸರಿಟ್ಟ. ನಿಮ್ಮ ಮಾವ ಬಸ್ಸು ನೋಡಿಯೂ ಹತ್ತದೆ ಇರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹತ್ತಿ ಹೋದರೆ ಇಳಿಯುವುದು ಎಲ್ಲಿ?

ಈಗ ಮಲಯಾಳದ ವಿಷಯ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ಯಾಕೆಂದರೆ ಮೊಮ್ಮಗನ ಬಾಯಲ್ಲಿ ಆ ಭಾಷೆ ಕೇಳಿದ ಕೂಡಲೇ ಅವರು ಏಳುವುದು ಮೊಮ್ಮಗನ ಮೇಲಿನ ಸಿಟ್ಟಿನಿಂದ ಅಲ್ಲ ಅಂತ ನನ್ನ ನಂಬಿಕೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಿಮ್ಮ ಮಾವ ಐದಾರು ವರ್ಷದ ಹುಡುಗ. ಅದಕ್ಕೆ ಮೊದಲು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ಆಮೇಲೆ ಕಣ್ಣೂರು ಜಿಲ್ಲೆ. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆ. ಅಂಗಳ ಬಿಟ್ಟು ಕದಲದೆ ಇಷ್ಟು ವಿಳಾಸ ಬದಲಾದವು! 1967ರಲ್ಲಿ ಗಡಿ ವಿವಾದ ನೋಡಲು ನೇಮಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಹೇಳಿತು. ಆಗ ಅವರು ಹೈಸ್ಕೂಲು ಹುಡುಗ. ಇನ್ನೇನು ಆಗಿಬಿಡುತ್ತದೆ ಅಂತ ಎಷ್ಟೋ ಮನೆಗಳಲ್ಲಿ ಕಾದರು. ಆಗಲಿಲ್ಲ. ಆಮೇಲೆ ಅವರು ಕನ್ನಡ ಮಾಷ್ಟ್ರಾದರು, ಜೀವಮಾನವಿಡೀ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದರು, ಅವರ ಕಣ್ಣೆದುರೇ ಎಷ್ಟೋ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಮ್ಮಿಯಾದರು.

ಪಾಲಿನ್ ಬಾಸ್ ಎಂಬ ಅಮೆರಿಕದ ತಜ್ಞೆ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರ ಜೊತೆ ಕೆಲಸ ಮಾಡಿದವರು. ಸತ್ತರು ಅಂತ ಗೊತ್ತಾದರೆ ಅತ್ತು ಮುಗಿಸಬಹುದು. ಇದ್ದಾರೋ ಇಲ್ಲವೋ ಗೊತ್ತಿಲ್ಲದಿದ್ದರೆ ದುಃಖ ಒಂದೇ ಜಾಗದಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ ಅಂತ ಅವರು ತೋರಿಸಿಕೊಟ್ಟರು. ನಮ್ಮ ಗಡಿಯ ಹಿರಿಯರನ್ನು ನೋಡಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಪೂರ್ತಿ ಕಳಕೊಂಡೂ ಇಲ್ಲ, ಪೂರ್ತಿ ಸಿಕ್ಕಿಯೂ ಇಲ್ಲ. ಹೊರಗೆ ಅಂಗಡಿಯಲ್ಲಿ, ಬಸ್ಸಿನಲ್ಲಿ ನಿಮ್ಮ ಮಾವ ನೀರು ಕುಡಿದ ಹಾಗೆ ಮಲಯಾಳ ಮಾತಾಡುವವರೇ ಇರಬೇಕು. ಆ ಭಾಷೆಯ ಮೇಲೆ ಅವರಿಗೆ ದ್ವೇಷ ಇಲ್ಲ. ಆದರೆ ಊಟದ ಮಣೆ ಮಾತ್ರ ತಮ್ಮದು ಅಂತ ಇಷ್ಟು ವರ್ಷ ಇಟ್ಟುಕೊಂಡಿದ್ದರು. ಈಗ ಮನೆ ಹೋಗಿ ಉಳಿದ ಅಷ್ಟು ಜಾಗವೂ ಕೈತಪ್ಪುತ್ತಿದೆ ಅಂತ ಅವರಿಗೆ ಅನಿಸುತ್ತದೆ.

ಹುಡುಗನದ್ದು ತಪ್ಪಾ? ಖಂಡಿತ ಅಲ್ಲ. ಅವನೂ ಊರು ಬಿಟ್ಟವನೇ. ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ಹೊಸ ಕ್ಲಾಸಿನಲ್ಲಿ ಭಾಷೆ ಬಾರದೆ ಮೂಲೆಯಲ್ಲಿ ಕೂತ ಮೊದಲ ವಾರ ಹೇಗಿತ್ತು ಅಂತ ಅವನನ್ನು ಒಮ್ಮೆ ಕೇಳಿ ನೋಡಿ. ಆಟಕ್ಕೆ ಸೇರಿಸಿಕೊಳ್ಳಲಿ ಅಂತ ಅವನು ಕಷ್ಟಪಟ್ಟು ಮಲಯಾಳ ಕಲಿತಿದ್ದಾನೆ. ಊಟಕ್ಕೆ ಕೂತಾಗ ಹೊಸ ಮಾತು ಆಡುವುದು ತನ್ನ ಗೆಲುವು ತೋರಿಸುವುದಕ್ಕೆ. ಅಜ್ಜ ಎದ್ದು ಹೋದಾಗ ಅವನಿಗೆ ಏನನ್ನಿಸುತ್ತದೆ ಅಂತ ನಿಮ್ಮ ಪತ್ರದಲ್ಲಿಲ್ಲ.

ಇವರಿಬ್ಬರಲ್ಲಿ ಒಬ್ಬರನ್ನು ಆರಿಸಬೇಕಾಗಿಲ್ಲ. ಬೇರೆ ನೆಲಕ್ಕೆ ಹೋದವರ ಬಗ್ಗೆ ಜಾನ್ ಬೆರಿ ಎಂಬ ಕೆನಡಾದ ಮನಶ್ಶಾಸ್ತ್ರಜ್ಞ ತುಂಬಾ ವರ್ಷ ಅಧ್ಯಯನ ಮಾಡಿದ್ದಾನೆ. ತಮ್ಮದನ್ನು ಬಿಟ್ಟು ಹೊಸದಕ್ಕೆ ಜಿಗಿದವರಿಗಿಂತ, ಹೊಸದಕ್ಕೆ ಬಾಗಿಲು ಹಾಕಿ ಕೂತವರಿಗಿಂತ, ಎರಡನ್ನೂ ಹಿಡಿದುಕೊಂಡವರು ಸಾಮಾನ್ಯವಾಗಿ ಚೆನ್ನಾಗಿರುತ್ತಾರೆ ಅಂತ ಅವನು ಹೇಳುತ್ತಾನೆ. ಇದಕ್ಕೆ ಕೆನಡಾಕ್ಕೆ ಹೋಗುವುದು ಯಾಕೆ? ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ, ಅವರು ಕನ್ನಡದ ರಾಷ್ಟ್ರಕವಿ. ಬದಿಯಡ್ಕ ಕಡೆಯ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು, ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಳ್ಳುವವರೆಗೂ ಅವರ ಹಂಬಲ ಕಾಸರಗೋಡು ಕನ್ನಡನಾಡಿಗೆ ಸೇರುವುದು. ಅವರೂ ನಿಮ್ಮ ಮಾವನ ಹಾಗೇ ಮಾಷ್ಟ್ರು. ನಿಮ್ಮ ಮಾವನೇ ನೋಡಿ, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮೊಮ್ಮಗ ಅವರ ದಾರಿಯಲ್ಲೇ ಇದ್ದಾನೆ. ಇದನ್ನು ನೀವು ಉಪದೇಶದ ಹಾಗೆ ಹೇಳಬೇಡಿ. "ಮಾವ, ನೀವು ಮಲಯಾಳ ಕಲಿತದ್ದು ಯಾವಾಗ, ಯಾರಿಂದ?" ಅಂತ ಹುಡುಗನ ಎದುರು ಒಮ್ಮೆ ಕೇಳಿ. ಆ ಕಥೆ ಅವರು ಯಾರಿಗೂ ಹೇಳಿರಲಿಕ್ಕಿಲ್ಲ. ಅಜ್ಜನಿಗೂ ಒಂದು ಕಾಲದಲ್ಲಿ ಭಾಷೆ ಬಾರದೆ ಪೇಚಾಟ ಆಗಿತ್ತು ಅಂತ ಗೊತ್ತಾದರೆ ಹುಡುಗನಿಗೂ ಅಜ್ಜ ಹತ್ತಿರದವರಾಗುತ್ತಾರೆ.

ಹುಡುಗನಿಗೆ ಮಲಯಾಳ ಮಾತಾಡಬೇಡ ಅಂತ ಕಟ್ಟಪ್ಪಣೆ ಹಾಕಬೇಡಿ. ರಾತ್ರಿ ಊಟಕ್ಕೆ ಅಜ್ಜನ ಭಾಷೆ, ಅಷ್ಟೇ ಸಾಕು. ಕಾರಣ ಹೇಳಿದರೆ ಹತ್ತು ವರ್ಷದ ಹುಡುಗನಿಗೆ ಅರ್ಥವಾಗುತ್ತದೆ.

ಮಾವನ ಜೊತೆ ಏನು ಮಾಡುವುದು? "ಹೊಂದಿಕೊಳ್ಳಿ" ಅನ್ನುವ ಮಾತನ್ನು ಮನೆಯಲ್ಲಿ ಸ್ವಲ್ಪ ಕಾಲ ಯಾರೂ ಆಡಬೇಡಿ. ಅದರ ಬದಲು ಮನೆಯ ಬಗ್ಗೆ ಕೇಳಿ. ನೆನಪು ಮಾಡಿದರೆ ದುಃಖ ಜಾಸ್ತಿಯಾಗುತ್ತದೆ ಅಂತ ಹೆದರಬೇಡಿ, ದುಃಖ ಅವರಲ್ಲಿ ಹೇಗೂ ಇದೆ, ಒಬ್ಬರೇ ಹೊತ್ತುಕೊಂಡಿದ್ದಾರೆ. ಒಂದು ದೊಡ್ಡ ಡ್ರಾಯಿಂಗ್ ಶೀಟ್ ತಂದು ಅಜ್ಜ ಮೊಮ್ಮಗ ಇಬ್ಬರನ್ನೂ ಕೂರಿಸಿ ಹಳೇ ಮನೆಯ ನಕ್ಷೆ ಬರೆಸಿ. ಬಾವಿ ಎಲ್ಲಿ, ಹಟ್ಟಿ ಎಲ್ಲಿ, ಹಲಸಿನ ಮರ ಯಾವ ಬದಿ, ತುಳಸಿಕಟ್ಟೆಯಿಂದ ಜಗಲಿಗೆ ಎಷ್ಟು ಹೆಜ್ಜೆ. ನನ್ನ ಹತ್ತಿರ ಬಂದ ಒಂದು ಮನೆಯವರು ಹೀಗೆ ಮಾಡಿದರು. ಅಜ್ಜ ಮೊದಲು "ಅದೆಲ್ಲ ಯಾಕೆ ಈಗ" ಅಂದರಂತೆ. ಹುಡುಗಿ ಬಾವಿಯನ್ನು ತಪ್ಪು ಜಾಗದಲ್ಲಿ ಬರೆದಳು. ಅವರಿಗೆ ತಡೆಯಲಾಗಲಿಲ್ಲ, ಪೆನ್ಸಿಲ್ ಕಸಿದುಕೊಂಡರು. ರಾತ್ರಿ ಹನ್ನೊಂದರವರೆಗೆ ಬರೆದರು. ಕೊನೆಗೆ ದನದ ಹೆಸರುಗಳೆಲ್ಲ ಆ ಕಾಗದದಲ್ಲಿ ಬಂದವು. ನಡುವೆ ಒಮ್ಮೆ ಅತ್ತರು, ಯಾರೂ "ಅಳಬೇಡಿ" ಅನ್ನಲಿಲ್ಲ, ಅದು ದೊಡ್ಡ ವಿಷಯ.

ಅವರು ಮಾತಾಡುವಾಗ ನೀವು ಪರಿಹಾರ ಹೇಳಲು ಹೋಗಬೇಡಿ. "ಇಲ್ಲಿ ಗಾಳಿಯೇ ಇಲ್ಲ" ಅಂದರೆ "ಫ್ಯಾನ್ ಹಾಕಲಾ" ಅನ್ನಬೇಡಿ. "ಅಲ್ಲಿ ಜಗಲಿಯಲ್ಲಿ ಕೂತರೆ ಎಂಥ ಗಾಳಿ, ಅಲ್ವಾ ಮಾವ" ಅನ್ನಿ. ಅವರಿಗೆ ಬೇಕಾದದ್ದು ಆ ಗಾಳಿಯ ಸಾಕ್ಷಿ. ನೀವೂ ಅಲ್ಲಿ ಕೂತವರೇ ತಾನೆ.

ಆಮೇಲೆ ಜನರ ಸಹವಾಸ. ಪಾರ್ಶ್ವವಾಯು ಆದವರ ಬಗ್ಗೆ 2008ರಲ್ಲಿ ಕ್ಯಾಥರೀನ್ ಹ್ಯಾಸ್ಲಂ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಕಾಯಿಲೆಗೆ ಮೊದಲು ಹೆಚ್ಚು ಗುಂಪುಗಳಲ್ಲಿ ಬೆರೆಯುತ್ತಿದ್ದವರು, ಅವುಗಳಲ್ಲಿ ಕೆಲವನ್ನಾದರೂ ಕಾಯಿಲೆಯ ನಂತರ ಉಳಿಸಿಕೊಂಡವರು, ಉಳಿದವರಿಗಿಂತ ನೆಮ್ಮದಿಯಾಗಿದ್ದರು. ಒಂದು ಬಳ್ಳಿಗೆ ನಾಲ್ಕು ಕಡೆ ಆಸರೆ ಇದ್ದರೆ ಒಂದು ಕೋಲು ಮುರಿದರೂ ನೆಲಕ್ಕೆ ಬೀಳುವುದಿಲ್ಲ. ನಿಮ್ಮ ಮಾವನ ಕೋಲುಗಳನ್ನು ಎಣಿಸಿ: ಶಾಲೆ, ಜಂಕ್ಷನ್, ತಾಳಮದ್ದಳೆ, ನೆರೆಕರೆ. ಎಲ್ಲ ಒಟ್ಟಿಗೇ ಹೋಗಿವೆ.

ನನ್ನ ಪ್ರಕಾರ ಮೊದಲು ಹಿಡಿಯಬೇಕಾದದ್ದು ತಾಳಮದ್ದಳೆ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು ಕುಂಬಳೆ, ಅಲ್ಲಿಯವರಿಗೆ ಅದು ರಕ್ತದಲ್ಲೇ ಇದೆ. ಆದರೆ "ಬನ್ನಿ ಮಾವ, ಹೋಗುವ" ಅಂತ ಕರೆದರೆ ಅವರು ಬರುವುದಿಲ್ಲ, ನೀವೇ ಬರೆದಿದ್ದೀರಿ. ಕರೆಯುವ ರೀತಿ ಬದಲಾಗಬೇಕು. ಅವರ ಹಳೇ ಸಂಗಡಿಗರೊಬ್ಬರಿಗೆ ಫೋನ್ ಮಾಡಿ ವಿಷಯ ಹೇಳಿ. ಆ ಪ್ರಸಂಗದ ಆ ಪದ್ಯ ಹೇಗಿತ್ತು ಮಾಷ್ಟ್ರೇ ಅಂತ ಅವರು ಮಾವನನ್ನು ಕೇಳಲಿ. ಕೇಳುವುದು ನಾಟಕ ಆಗಬಾರದು, ನಿಜವಾಗಿ ಬೇಕಾದದ್ದನ್ನೇ ಕೇಳಬೇಕು. ಹಿರಿಯರಿಗೆ ಸುಳ್ಳು ಕೆಲಸ ಕೂಡಲೇ ಗೊತ್ತಾಗುತ್ತದೆ, ಟೈಂಪಾಸಿಗೆ ಕೊಟ್ಟದ್ದು ಅಂತ ತಿಳಿದರೆ ಇನ್ನೂ ಕುಗ್ಗಿಹೋಗುತ್ತಾರೆ.

ಫ್ಲ್ಯಾಟಿನಲ್ಲೂ ನೋಡಿ. ಕನ್ನಡದ ಹಳೇ ಆಸ್ತಿಪತ್ರ ಓದಲು ಬಾರದ ಮನೆ ಒಂದಾದರೂ ಇರುತ್ತದೆ, ನಮ್ಮ ಕಡೆ ಅಂಥ ಕಾಗದಗಳು ಎಷ್ಟೋ ಇವೆ. ಕನ್ನಡ ಪಾಠಕ್ಕೆ ಕಷ್ಟಪಡುವ ಮಗು ಇರಬಹುದು. ವಾಚ್‌ಮನ್‌ಗೆ ಒಂದು ಮಾತು ಹೇಳಿ, ಇವರು ಮಾಷ್ಟ್ರಾಗಿದ್ದವರು ಅಂತ. ನಾಳೆಯಿಂದ ಅವನು "ಮಾಷೇ" ಅಂತ ಕರೆಯುತ್ತಾನೆ. ಮಲಯಾಳದಲ್ಲೇ ಕರೆಯಲಿ, ಹೆಸರು ವಾಪಸ್ ಬಂದರೆ ಸಾಕು.

ಡಾಕ್ಟರಿಗೂ ಒಮ್ಮೆ ತೋರಿಸಿ, ಇದನ್ನು ಮುಂದೂಡಬೇಡಿ. ಈ ವಯಸ್ಸಿನಲ್ಲಿ ಮಾತು ಕಮ್ಮಿಯಾಗಲು ಕಿವಿ ಮಂದವಾದದ್ದೂ ಕಾರಣ ಇರಬಹುದು, ಥೈರಾಯ್ಡ್ ಇರಬಹುದು, ಬಿ12 ಕಮ್ಮಿ ಇರಬಹುದು, ಮರೆವಿನ ಕಾಯಿಲೆಯ ಶುರುವೂ ಇರಬಹುದು. ಊಟ ಸೇರದೆ ತೂಕ ಇಳಿದರೆ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ಇಷ್ಟದ್ದು ಯಾವುದೂ ಬೇಡವಾಗಿದ್ದರೆ, ಇದು ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಇದ್ದರೆ, ಅದು ಬರೀ ದುಃಖ ಅಲ್ಲ, ಖಿನ್ನತೆ ಇರಬಹುದು. ಖಿನ್ನತೆಗೆ ಒಳ್ಳೆಯ ಚಿಕಿತ್ಸೆ ಇದೆ. "ಇನ್ನು ಬದುಕಿ ಏನು" ಅನ್ನುವ ಮಾತು ಒಂದು ಸಲ ಬಂದರೂ ಹಗುರವಾಗಿ ತಗೊಳ್ಳಬೇಡಿ, ಅವರನ್ನು ಒಬ್ಬರೇ ಬಿಡಬೇಡಿ, ಅಂದೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿನಲ್ಲೂ ದುಡ್ಡಿಲ್ಲದೆ ಫೋನ್ ಮಾಡಬಹುದು. ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡುತ್ತಾರೆ.

ನಿಮ್ಮ ಯಜಮಾನರ ಮೇಲೂ ಸಿಟ್ಟು ಮಾಡಬೇಡಿ. ಕಚೇರಿಯಿಂದ ಕಚೇರಿಗೆ ಓಡಾಡಿದವರು, ಕಾಗದಕ್ಕೆ ಸಹಿ ಹಾಕಿದವರು, ಈ ಫ್ಲ್ಯಾಟು ಹುಡುಕಿದವರು ಅವರೇ ಇರಬೇಕು. ಅಪ್ಪ ಖುಷಿಯಾಗಿಲ್ಲ ಅಂದರೆ ತಾನು ತಪ್ಪು ಮಾಡಿದೆ ಅಂತ ಅವರಿಗೆ ಅನಿಸುತ್ತದೆ, ಅದಕ್ಕೇ ಹನ್ನೆರಡು ಕಿಲೋಮೀಟರ್ ಅನ್ನುತ್ತಾ ಇರುತ್ತಾರೆ. ಅವರು ಹುಟ್ಟಿದ ಮನೆಯೂ ಅದೇ ಅಲ್ವಾ.

ಮತ್ತೆ ನೀವು? ಇಷ್ಟುದ್ದದ ಪತ್ರದಲ್ಲಿ ಮಾವ ಇದ್ದಾರೆ, ಗಂಡ ಇದ್ದಾರೆ, ಮಗ ಇದ್ದಾನೆ, ನಿಮ್ಮ ಒಂದು ಸಾಲೂ ಇಲ್ಲ. ನೀವು ಆ ಮನೆಗೆ ಸೊಸೆಯಾಗಿ ಬಂದವರು, ತವರು ಬಿಟ್ಟು ಒಂದು ಸಲ ಬೇರು ಕಿತ್ತು ನೆಟ್ಟಾಗಿದೆ, ಈಗ ಇನ್ನೊಂದು ಸಲ. ನಿಮ್ಮ ಬಸಳೆ ಚಪ್ಪರ, ಮಲ್ಲಿಗೆ ಗಿಡ, ಬೇಲಿಯ ಹತ್ತಿರ ನಿಂತು ಮಾತಾಡುತ್ತಿದ್ದ ಆಚೆಮನೆಯ ಅಕ್ಕ, ಇವುಗಳ ಬಗ್ಗೆ ನಿಮ್ಮನ್ನು ಯಾರಾದರೂ ಕೇಳಿದ್ದಾರಾ? ನಾನು ಕೇಳುತ್ತಿದ್ದೇನೆ. ಇನ್ನೊಂದು ಪತ್ರ ಬರೆಯಿರಿ, ಅದು ನಿಮ್ಮ ಬಗ್ಗೆಯೇ ಇರಲಿ.

ಅದಕ್ಕೆ ಮೊದಲು ಈ ವಾರ ಒಂದು ಕೆಲಸ. ಸಂಜೆ ಮಾವ ಟಾರ್ಚು ತಗೊಂಡು ಹೊರಟಾಗ ನೀವೂ ಮಗನೂ ಜೊತೆಗೆ ಹೋಗಿ. ಬಸ್‌ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ಪಕ್ಕದಲ್ಲಿ ಸುಮ್ನೆ ಕೂರಿ. ಆಮೇಲೆ ಬರುವ ಮಂಗಳೂರು ಬಸ್ಸನ್ನು ತೋರಿಸಿ, "ಮಾವ, ಕುಂಬಳೆಗೆ ಹೋಗುವನಾ? ಎಲ್ಲಿ ಇಳಿಯಬೇಕು ಅಂತ ನೀವೇ ಹೇಳಬೇಕು, ನನಗೆ ಈಗ ಗುರುತು ಸಿಗುವುದಿಲ್ಲ" ಅನ್ನಿ. ಅವತ್ತೇ ಹತ್ತದಿದ್ದರೆ ಒತ್ತಾಯ ಬೇಡ, ನಾಳೆ ಪುನಃ ಕೂರಿ. ಹತ್ತಿದರೆ ಕಿಟಕಿ ಬದಿಯ ಸೀಟು ಅವರಿಗೆ, ಅವರ ಪಕ್ಕ ಮೊಮ್ಮಗ. ಬರುವಾಗ ಕತ್ತಲಾಗುತ್ತದೆ, ಟಾರ್ಚು ಹೇಗೂ ಅವರ ಕೈಯಲ್ಲಿರುತ್ತದೆ.